ಹೆಪ್ಪಿಗೂ ಹೇಫೆಗೂ ನಂಟುಂಟೆ?

ಶಿವಮೊಗ್ಗೆಯಿಂದ ಹೊನ್ನಾಳಿಯ ಕಡೆಗೆ ಸಾಗುವ ಹಾದಿಯಲ್ಲಿ ಸಿಗುವ ಹೊಳಲೂರಿನಲ್ಲಿ, ನಾಡಿನ ಉಳಿದೆಡೆಗಳಲ್ಲಿರುವಂತೆಯೇ, ಕಾಯಿಸಿ ಆರಿಸಿದ ಹಾಲಿಗೆ ತುಸು ಮಜ್ಜಿಗೆಯನ್ನು ಬೆರೆಸಿಡುವುದಕ್ಕೆ ‘ಹೆಪ್ಪು ಹಾಕುವುದು’ ಎನ್ನುತ್ತಾರೆ. ಜರ್ಮನಿಯಲ್ಲಿ ಗೋಧಿಯಿಂದ ತಯಾರಾಗುವ ಒಂದು ಬಗೆಯ ಬಿಯರಿಗೆ ‘ಹೇಫೆವೈಟ್ಸೆನ್’ ಎಂದು ಹೆಸರು. ‘ವೈಟ್ಸೆನ್’ ಎಂದರೆ ಗೋಧಿ; ‘ಹೇಫೆ’ ಎಂದರೆ ಹಿಟ್ಟನ್ನು ಉಬ್ಬಿಸುವ, ಧಾನ್ಯದ ರಸವನ್ನು ಮದ್ಯವಾಗಿಸುವ ಯೀಸ್ಟು. ಅಲ್ಲಿ ಹೇಫೆ, ಇಲ್ಲಿ ಹೆಪ್ಪು. ಎರಡೂ ಒಂದನ್ನು ಮತ್ತೊಂದಾಗಿ ಮಾರ್ಪಡಿಸುವ ವಸ್ತುಗಳೇ. ಹಾಗಾದರೆ ಇವೆರಡೂ ಒಂದೇ ತಾಯಿಯ ಮಕ್ಕಳಾಗಿರಬಹುದೆ?

2010ರ ದಶಕದಿಂದೀಚೆಗೆ, ಬಿಯರನ್ನು ತಮ್ಮಲ್ಲಿಯೇ ತಯಾರಿಸಿ ಮಾರುವ ಪಾನಗೃಹಗಳು ಬೆಂಗಳೂರಿನಲ್ಲಿ ಹೆಚ್ಚಿದಂತೆ ಈ ಜರ್ಮನ್ ಹೆಸರು ನಮ್ಮವರ ಕಿವಿಗೂ ಬೀಳತೊಡಗಿದೆ. ಆದುದರಿಂದ ಅದರ ಕುಲಗೋತ್ರವನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಈ ವಿಚಾರಣೆಯಲ್ಲಿ ಸಾಕ್ಷಿ ನುಡಿಯಲು ಹೊಳಲೂರಿನ ಹೆಸರೇ ಸಿದ್ಧವಾಗಿದೆ. ‘ಹೊಳಲು’ ಎಂಬುದು ಹಳಗನ್ನಡದಲ್ಲಿ ‘ಪೊೞಲ್’. ಪಟ್ಟಣವೆಂದು ಅದರ ಅರ್ಥ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಅಚ್ಚಗನ್ನಡ ಪದದ ಮೊದಲಲ್ಲಿ ಹಕಾರ ಕಂಡರೆ ಅದರ ಹಿಂದೆ ಪಕಾರವೊಂದು ಅಡಗಿದೆಯೆಂದು ಬಹುಮಟ್ಟಿಗೆ ನಂಬಬಹುದು. ಜರ್ಮನ್ ಭಾಷೆಯ ಹಕಾರದ ಹುಟ್ಟು ಬೇರೆ. ಲ್ಯಾಟಿನ್ನಿನ ‘ಕೋರ್ನು’ ಅಲ್ಲಿ ‘ಹೋರ್ನ್’ ಆಗಿದೆ. ಎರಡಕ್ಕೂ ಕೊಂಬು ಎಂದರ್ಥ. ಅಂದರೆ ಅಲ್ಲಿಯ ಹಕಾರದ ಹಿಂದಿರುವುದು ಕಕಾರ. ಹೇಫೆಯ ಸೋದರ ಪದ ‘ಹೇಬೆನ್’, ಎತ್ತು ಎಂಬರ್ಥದ ಕ್ರಿಯಾಪದ. ಲ್ಯಾಟಿನ್ನಿನಲ್ಲಿ ಹಿಡಿ ಎಂಬರ್ಥವುಳ್ಳ ‘ಕಪೆರೆ’ ಅದರ ದಾಯಾದಿ. ಒಂದರ ಹಕಾರ ಪಕಾರದಿಂದ, ಮತ್ತೊಂದರದು ಕಕಾರದಿಂದ ಬಂದಿರುವಾಗ ಹೆಪ್ಪಿಗೂ ಹೇಫೆಗೂ ರಕ್ತಸಂಬಂಧವನ್ನು ಕಲ್ಪಿಸಲು ಬಾರದು.

ಅರ್ಥವನ್ನು ಒರೆಗೆ ಹಚ್ಚಿದರೂ ಈ ಮಾತೇ ದೃಢವಾಗುತ್ತದೆ. ಹೆಪ್ಪಿನ ತಿರುಳು ಗಟ್ಟಿಯಾಗುವುದು, ರಕ್ತವೂ ಹೆಪ್ಪುಗಟ್ಟುತ್ತದೆ. ಹೇಫೆಯ ತಿರುಳು ಮೇಲೇಳುವುದು. ಹಾಲನ್ನು ಮೊಸರಾಗಿಸುವುದು ಬ್ಯಾಕ್ಟೀರಿಯ. ಬಿಯರನ್ನು ಹುಳಿಯಿಸುವ ಯೀಸ್ಟು ಅಣಬೆಯ ಜಾತಿಗೆ ಸೇರಿದ ಸೂಕ್ಷ್ಮಜೀವಿ. ದೋಸೆಯ ಹಿಟ್ಟು ‘ಹುದುಗೆದ್ದಿತು’ ಎಂದು ನಮ್ಮ ತಾಯಂದಿರು ಆಡುವ ಮಾತೇ ಭಾವದಲ್ಲಿ ಹೇಫೆಗೆ ಹತ್ತಿರದ್ದು. ಏಳುವುದನ್ನು ಕಂಡು ಹೆಸರಿಡುವ ಬುದ್ಧಿ ಜರ್ಮನರಿಗೂ ಬಂದಿತು, ನಮ್ಮವರಿಗೂ ಬಂದಿತು. ಯಾರೂ ಯಾರಿಂದಲೂ ಎರವಲು ಪಡೆಯಲಿಲ್ಲ.

ಇನ್ನು ಉಳಿದರ್ಧವಾದ ‘ವೈಟ್ಸೆನ್’. ಇದು ನಮ್ಮ ಯಾವ ಪದದಂತೆಯೂ ಕೇಳಿಸದು. ಆದರೆ ಇದಕ್ಕೆ ನಮ್ಮಲ್ಲಿ ನಿಜವಾದ ಬಂಧುವಿದೆ. ಗೋಧಿಹಿಟ್ಟಿನ ಬಿಳುಪಿನಿಂದ ಆ ಧಾನ್ಯಕ್ಕೆ ಜರ್ಮನರು ಹೆಸರಿಟ್ಟರು. ಬಿಳಿ ಎಂಬರ್ಥದ ಅವರ ‘ವೈಸ್’, ಇಂಗ್ಲಿಷಿನ ‘ವೈಟ್’, ಸಂಸ್ಕೃತದ ‘ಶ್ವೇತ’ ಇವು ಮೂರೂ ಏಕಮೂಲದವು. ಹಳೆಯ ಇಂಗ್ಲಿಷಿನಲ್ಲಿ ‘ವೈಟ್’ ಎಂಬುದು ‘ಹ್ವೀಟ್’ ಎಂದಿತ್ತು. ಸಂಸ್ಕೃತದ ‘ಶತ’ ಜರ್ಮನ್ನಿನಲ್ಲಿ ‘ಹುಂಡರ್ಟ್’ ಆಗಿರುವುದನ್ನು ಇದರ ಪಕ್ಕದಲ್ಲಿಟ್ಟರೆ ಶಕಾರ ಹಕಾರಗಳ ಹೊಂದಾಣಿಕೆ ತಾನಾಗಿ ತೋರುತ್ತದೆ. ನಮ್ಮ ‘ಗೋಧಿ’ಯ ಮೂಲವಾದ ‘ಗೋಧೂಮ’ದಲ್ಲಿ ಗೋವೂ ಇದೆ, ಧೂಮವೂ ಇದೆ, ಆದರೆ ಅದು ತೋರಿಕೆ ಮಾತ್ರ. ಪಾರಸಿಯ ‘ಗಂದುಮ್’ ಅದರ ನಂಟ. ಹಸುವಿಗಾಗಲಿ ಹೊಗೆಗಾಗಲಿ ಅಲ್ಲಿ ಕೆಲಸವಿಲ್ಲ.

ಬವೇರಿಯದಲ್ಲಿ ಈ ಪಾನೀಯವನ್ನು ‘ವೈಸ್‌ಬಿಯರ್’, ಅಂದರೆ ಬಿಳಿಯ ಬಿಯರು, ಎಂದೇ ಕೇಳಿ ಪಡೆಯುತ್ತಾರೆ. ಜರ್ಮನಿಯ ಉಳಿದೆಡೆಗಳಲ್ಲಿ ‘ವೈಟ್ಸೆನ್’ ಎಂಬುದು ಬಳಕೆ. ಯೀಸ್ಟನ್ನು ಸೋಸದೆ ಮಬ್ಬಾಗಿಯೇ ಉಳಿಸಿದ್ದು ಹೇಫೆವೈಟ್ಸೆನ್, ಸೋಸಿ ತಿಳಿಯಾಗಿಸಿದ್ದು ‘ಕ್ರಿಸ್ಟಾಲ್‌ವೈಟ್ಸೆನ್’, ಕಪ್ಪಾದುದು ‘ಡುಂಕೆಲ್‌ವೈಟ್ಸೆನ್’. ಜರ್ಮನಿಯ ನಿಯಮದಂತೆ, ಮೊಳಕೆ ಬರಿಸಿ ಒಣಗಿಸಿದ ಧಾನ್ಯದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಗೋಧಿ ಇರಬೇಕು. ಉಳಿದದ್ದು ಸಾಮಾನ್ಯವಾಗಿ ಬಾರ್ಲಿ. ಇದರಲ್ಲಿ ಬಾಳೆಹಣ್ಣಿನ ಮತ್ತು ಲವಂಗದ ಪರಿಮಳವುಂಟು. ಬಾಳೆಹಣ್ಣನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿರುವುದಿಲ್ಲ. ಅದೆಲ್ಲ ಯೀಸ್ಟಿನ ಕೈವಾಡ.

ಈ ಬಿಯರಿಗೆ ರಾಜಯೋಗವೂ ಇತ್ತು. 1516ರಲ್ಲಿ ಬವೇರಿಯದ ಪ್ರಭುಗಳು ಬಾರ್ಲಿ, ಹಾಪ್ಸ್ ಎಂಬ ಕಹಿ ಬಳ್ಳಿಯ ಹೂ ಮತ್ತು ನೀರು ಇವುಗಳಿಂದಲ್ಲದೆ ಬಿಯರನ್ನು ಮಾಡಕೂಡದೆಂದು ಕಟ್ಟಳೆ ಮಾಡಿದರು. ಆದರೂ ಗೋಧಿಯ ಬಿಯರಿನ ಹಕ್ಕು ಡೇಗನ್‌ಬೆರ್ಗ್ ಎಂಬ ಶ್ರೀಮಂತ ಮನೆತನಕ್ಕೆ ದಕ್ಕಿತ್ತು. 1602ರಲ್ಲಿ ಆ ವಂಶ ನಿಂತುಹೋದಾಗ ಹಕ್ಕು ಬವೇರಿಯದ ಮ್ಯಾಕ್ಸಿಮಿಲಿಯನ್ನನ ಕೈಸೇರಿ, ಬೊಕ್ಕಸಕ್ಕೆ ದೊಡ್ಡ ಆದಾಯವಾಯಿತು. 1872ರಲ್ಲಿ ಗೇಯೋರ್ಗ್ ಶ್ನೈಡರ್ ಎಂಬಾತನು ದೊರೆ ಎರಡನೆಯ ಲುಡ್ವಿಗನಿಂದ ಈ ಹಕ್ಕನ್ನು ಪಡೆದನು. ಪ್ರಜೆಗಳಿಗೆ ನಿಷಿದ್ಧವಾದುದು ಪ್ರಭುವಿಗೆ ಲಾಭದಾಯಕವಾಗುವ ಸಂಗತಿ ಯಾವ ದೇಶಕ್ಕೂ ಹೊಸದಲ್ಲ.

ಕುಡಿಯದವರಿಗೂ ಈ ಪದದ ಅರ್ಥ ತಿಳಿದಿರುವುದು ಲೇಸು. ಗೋಧಿಯೆಂದೊಡನೆ ಅದು ರಾಗಿ ಮಾಲ್ಟಿನಂಥ ಪುಷ್ಟಿಕರ ಪಾನೀಯವೆಂದು ಬಗೆಯಬಾರದು. ಸಾಮಾನ್ಯವಾಗಿ ಇದರಲ್ಲಿ ನೂರಕ್ಕೆ 5ರಷ್ಟು ಮದ್ಯಸಾರವಿರುತ್ತದೆ. ‘ಆಲ್ಕೊಹೋಲ್‌ಫ್ರೈ’, ಎಂದರೆ ಮದ್ಯಸಾರರಹಿತ, ಎಂದು ಬರೆದಿರುವ ಜರ್ಮನ್ ಸೀಸೆಯಲ್ಲಿಯೂ ನೂರಕ್ಕೆ 0.5ರವರೆಗೆ ಅದು ಇರಬಹುದು. ಸಂಪೂರ್ಣ ವರ್ಜಿಸಬೇಕಾದವರು, ಪರದೇಶದಿಂದ ಮಗ ತಂದ ಸೀಸೆಯೆಂಬ ಪ್ರೀತಿಯಿಂದಲೂ ಇದನ್ನು ಮರೆಯಬಾರದು. ಗೋಧಿಯ ಅಂಟು ಒಗ್ಗದ ಕರುಳಿನವರಿಗೆ ಗೋಧಿಯೂ ಸಲ್ಲದು, ಬಾರ್ಲಿಯೂ ಸಲ್ಲದು.

ಕನ್ನಡದಲ್ಲಿ ಇದನ್ನು ಏನೆಂದು ಕರೆಯೋಣ? ‘ಕಿಣ್ವ’ವೆಂಬ ಸಂಸ್ಕೃತ ಪದ ಹಿಂದೆ ಸುರೆಗೆ ಬೆರೆಸುವ ಹುದುಗನ್ನು ಹೇಳುತ್ತಿತ್ತು, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಅದು ಬರುತ್ತದೆ. ಈಗ ನಮ್ಮ ಶಾಲೆಯ ಮಕ್ಕಳು ಕಿಣ್ವವೆಂದರೆ ಎಂಜೈಮ್ ಎಂದು ಓದುತ್ತಿರುವುದರಿಂದ ಅದನ್ನು ಇಲ್ಲಿಗೆ ಎಳೆತಂದರೆ ಗೊಂದಲವೇ ಹೆಚ್ಚು. ‘ಹೆಪ್ಪುಗೋಧಿ’ ಎಂದರೆ ಕಿವಿಗೆ ಇಂಪಾದೀತು, ಆದರೆ ಅರ್ಥ ಕೆಟ್ಟೀತು. ‘ಯೀಸ್ಟು ಸೋಸದ ಗೋಧಿ ಬಿಯರು’ ಎನ್ನುವುದು ತುಸು ಉದ್ದವಾದರೂ ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಹೆಪ್ಪು ಹಾಲಿನ ಪಾತ್ರೆಯಲ್ಲಿಯೇ ಇರಲಿ.