ಬಾಗಿಲ ಕನ್ನಡಿ ಕೊಳ್ಳುವ ಮುನ್ನ

ನಮ್ಮ ಹಳೆಯ ಓಮ್ನಿಯನ್ನು ಮನೆಯವರು ಕ್ಯಾಂಪರ್ ವ್ಯಾನ್ ಮಾಡಿಕೊಂಡಿದ್ದಾರೆ. ಹಿಂದೆ ಹಲಗೆಯ ಮಂಚ, ಕಿಟಕಿಗಳಿಗೆ ಪರದೆ, ಮೂಲೆಯಲ್ಲಿ ಪಾತ್ರೆಪಡಗ. ಮೊನ್ನೆ ಯಾರೋ ಗುದ್ದಿ ಎಡಗಡೆಯ ಕನ್ನಡಿ ಒಡೆದುಹೋಯಿತು. “ಕನ್ನಡಿ ತಾನೇ, ಯಾವುದಾದರೇನು?” ಅಂತ ಇವರು ಅಗ್ಗದ್ದೊಂದು ಹಾಕಿಸಿದರು.

ಮಾರನೆಯ ದಿನ ನಾನು ಎಡಕ್ಕೆ ತಿರುಗಿಸುತ್ತೇನೆ, ಪಕ್ಕದಲ್ಲೇ ಸ್ಕೂಟರ್! ಮುಂದುಗಡೆ ಪುಟ್ಟ ಮಗು ನಿಂತಿದೆ. ಕೀಲು ಸಡಿಲವಾಗಿದ್ದ ಕನ್ನಡಿ ಗಾಡಿಯ ಕುಲುಕಾಟಕ್ಕೆ ತಿರುಗಿಕೊಂಡು ಬರೀ ನಮ್ಮ ಬಾಗಿಲನ್ನೇ ತೋರಿಸುತ್ತಿತ್ತು. ಬ್ರೇಕ್ ಹಿಡಿಯಿತು, ಮಗು ಉಳಿಯಿತು. ಆ ರಾತ್ರಿ ಮಾತ್ರ ನನಗೆ ನಿದ್ದೆ ಬರಲಿಲ್ಲ.

ಸೋದರಿಯರೇ, ಸಾಧಾರಣ ಕಾರಿನಲ್ಲಿ ಹಿಂದೆ ನೋಡಲು ಒಳಗಿನ ಕನ್ನಡಿಯೂ ಇರುತ್ತದೆ. ಇಂಥ ವ್ಯಾನಿನಲ್ಲಿ ಹಾಸಿಗೆ, ಪರದೆಗಳು ಹಿಂದಿನ ಗಾಜನ್ನೇ ಮುಚ್ಚಿಬಿಡುತ್ತವೆ. ಬಾಗಿಲ ಕನ್ನಡಿಗಳೇ ನಮ್ಮ ಕಣ್ಣು. ಆದ್ದರಿಂದ ಕೊಳ್ಳುವಾಗ ಇಷ್ಟು ನೆನಪಿಡಿ.

ಬ್ಲೌಸ್ ಪೀಸ್ ತರುವಾಗ ಸೀರೆ ಒಯ್ಯುವಂತೆ, ಒಡೆದ ಕನ್ನಡಿಯನ್ನೂ ಅಂಗಡಿಗೆ ಒಯ್ಯಿರಿ. ಸ್ಕ್ರೂ ತೂತುಗಳು ಹೊಂದಬೇಕು. ಗಾಡಿ ತಯಾರಾದ ವರ್ಷವನ್ನು ಆರ್‌ಸಿ ನೋಡಿ ಹೇಳಿ. ಎಡ, ಬಲ ಎನ್ನುವುದು ಡ್ರೈವರ್ ಸೀಟಿನಲ್ಲಿ ಕುಳಿತವರ ಲೆಕ್ಕ. ಓಮ್ನಿಯ ತಯಾರಿಕೆ 2019ರಲ್ಲೇ ನಿಂತರೂ ಬಿಡಿಭಾಗಗಳು ಸಿಗುತ್ತವೆ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ.

ಗಾಜು ಮಾತ್ರ ಒಡೆದಿದ್ದರೆ ಬರೀ ಗಾಜು ಸಿಗುತ್ತದೆಯೇ ಕೇಳಿ, ದುಡ್ಡು ಉಳಿದೀತು. ಕೀಲು ಬಿಗಿಯಾಗಿದೆಯೇ ಎಂದು ಅಲ್ಲೇ ತಿರುಗಿಸಿ ನೋಡಿ.

ಚಪ್ಪಟೆ ಗಾಜು ದೂರವನ್ನು ಸರಿಯಾಗಿ ತೋರಿಸುತ್ತದೆ, ಆದರೆ ಕಾಣುವ ಜಾಗ ಕಡಿಮೆ. ಉಬ್ಬು ಗಾಜು ಹೆಚ್ಚು ಜಾಗ ತೋರಿಸುತ್ತದೆ, ಆದರೆ ಹತ್ತಿರದ ಗಾಡಿ ದೂರವಿದ್ದಂತೆ ಕಾಣುತ್ತದೆ. ಗಾಜು ಬದಲಾದರೆ ಒಂದೆರಡು ದಿನ ಖಾಲಿ ರಸ್ತೆಯಲ್ಲಿ ಓಡಿಸಿ ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಿ. ಹಿಂಭಾಗ ಕ್ಯಾಬಿನ್ನಿಗಿಂತ ಅಗಲವಾಗಿರುವ ದೊಡ್ಡ ವ್ಯಾನಾದರೆ ಉದ್ದ ತೋಳಿನ ಕನ್ನಡಿಯೇ ಬೇಕು.

ಹಾಕಿಸಿದ ಮೇಲೆ ಸೀಟಿನಲ್ಲಿ ಕುಳಿತು ಹೊಂದಿಸಿ. ನಿಮ್ಮ ಗಾಡಿಯ ಅಂಚು ಒಂದಿಷ್ಟೇ ಕಾಣಲಿ, ಉಳಿದದ್ದೆಲ್ಲ ರಸ್ತೆಯಿರಲಿ. ಆದರೂ ಕನ್ನಡಿಗೆ ಕಾಣದ ಮೂಲೆ ಇದ್ದೇ ಇರುತ್ತದೆ. ತಿರುಗಿಸುವ ಮುಂಚೆ ಒಮ್ಮೆ ಕತ್ತು ಹೊರಳಿಸಿ ನೋಡಿ.

ಕುಕ್ಕರಿಗೆ ಅಳತೆ ತಪ್ಪಿದ ಗ್ಯಾಸ್ಕೆಟ್ ಹಾಕುತ್ತೇವೆಯೇ? ಇದೂ ಹಾಗೆಯೇ. ಇವರೂ ಈಗ ಒಪ್ಪಿಕೊಂಡಿದ್ದಾರೆ. ಹೊಸ ಕನ್ನಡಿಯನ್ನು ದಿನಾ ಬೆಳಿಗ್ಗೆ ಅವರೇ ಒರೆಸುತ್ತಾರೆ!