ನೀರಿಗೆ ಹೋದವಳು ತಡವಾಗಿ ಬಂದಳು



ಮೆಚ್ಚಿದ ಕತೆಯನ್ನು ಬಿಡಲಾರದೆ, ಅದರ ಪಾತ್ರಗಳನ್ನೇ ಎತ್ತಿಕೊಂಡು ತಮ್ಮ ಮನಸ್ಸಿನಂತೆ ಬೆಳೆಸಿ ಬರೆಯುವುದಕ್ಕೆ ಇಂಗ್ಲಿಷಿನಲ್ಲಿ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಹೆಸರು ಹೊಸದು, ಕೆಲಸ ಹಳೆಯದು. ಸವದತ್ತಿಯಲ್ಲಿ, ನಮ್ಮ ಅಥಣಿ ತಾಲೂಕಿನ ಕೊಕಟನೂರಿನಲ್ಲಿ ಜೋಗತಿಯರು ಚೌಡಿಕೆ ಹಿಡಿದು ಎಲ್ಲಮ್ಮನ ಕತೆ ಹಾಡುವಾಗ ಮಾಡುವುದೂ ಇದನ್ನೇ. ಹೀಗೆ ಮತ್ತೆ ಹೇಳುವವರು ಕತೆಯ ಹೆಣ್ಣನ್ನು ಹೇಗೆ ಕಾಣುತ್ತಾರೆ? ನಾನು ನೋಡುವುದು ಒಂದನ್ನೇ: ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಅವಸರ ಮಾಡುತ್ತಾರೆ.

ರೇಣುಕೆಯ ಕತೆ ನಿಮಗೆ ಗೊತ್ತು. ನೀರಿಗೆ ಹೋದಳು, ಹೊಳೆಯಲ್ಲಿ ಜಲಕ್ರೀಡೆ ಕಂಡು ಒಂದು ಗಳಿಗೆ ಮನಸ್ಸು ಅತ್ತ ಹೋಯಿತು, ತಡವಾಗಿ ಬಂದಳು. ಆಕೆಯ ತಲೆ ಕಡಿಯಲು ಜಮದಗ್ನಿ ಮಕ್ಕಳಿಗೆ ಹೇಳಿದ. ಮಹಾಭಾರತದ ವನಪರ್ವದಲ್ಲಿ ನಾಲ್ವರು ಹಿರಿಯ ಮಕ್ಕಳು ಆ ಮಾತು ನಡೆಸಲಿಲ್ಲ, ಶಾಪ ಉಂಡರು. ಕೊಡಲಿ ಎತ್ತಿದ ಪರಶುರಾಮನನ್ನು ಎಲ್ಲರೂ ಬಲ್ಲರು. ಆ ನಾಲ್ವರ ಹೆಸರು ಹೇಳಿರಿ ನೋಡೋಣ. (ಕಾಲೇಜಿನಲ್ಲಿ ಪಾಠ ಹೇಳಿದ ನಾನೂ ಪುಸ್ತಕ ತೆಗೆಯಬೇಕಾಯಿತು.) ತಾಯಿ ಬದುಕಲಿ ಎಂದು ಪರಶುರಾಮ ವರ ಬೇಡಿದ. ಜೊತೆಗೆ ಇನ್ನೊಂದನ್ನೂ ಬೇಡಿದ: ಕೊಂದದ್ದು ಆಕೆಗೆ ನೆನಪಿರಬಾರದು.

ಈ ವರವನ್ನು ನಾನು ನಮ್ಮ ಊರುಗಳಲ್ಲೇ ಕಂಡಿದ್ದೇನೆ. ಹಿರಿಯರು ಕೂಡಿ ರಾಜಿ ಮಾಡಿಸಿದ ಕಾಗದವೊಂದರಲ್ಲಿ ಅದಿತ್ತು: "ಹಿಂದಿನದ್ದನ್ನು ತೆಗೆಯತಕ್ಕದ್ದಲ್ಲ." ತವರಿನಿಂದ ಬಂಗಾರ ತಾ ಎಂದು ಕೈ ಮುರಿದು ಹೊರಗೆ ಹಾಕಿದ್ದು ಒಂದೇ ಸಾಲು, ಆಕೆಯ ಸಿಟ್ಟಿನ ಸ್ವಭಾವಕ್ಕೆ ಅರ್ಧ ಪುಟ. ಅದೂ ಯಾರೋ ಬರೆದ ಕತೆಯೇ. ಹೆಬ್ಬೆಟ್ಟು ಒತ್ತುವ ಮೊದಲು ಓದಿಸಿ ಕೇಳಿರಿ. ಪೊಲೀಸ್ ಠಾಣೆಯಲ್ಲಿ ನೀವು ಬಾಯಿಂದ ಹೇಳಿದ ದೂರನ್ನು ಬರೆದುಕೊಂಡು ನಿಮಗೆ ಓದಿ ಹೇಳಲೇಬೇಕು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಲ್ಲಿ ಇದಿದೆ. ಹಳೆಯ ಕಾನೂನಿನಲ್ಲೂ ಇತ್ತು.

ಕತೆ ಬದಲಿಸಿದರೆ ಅಪಚಾರವೆಂದು ಕೆಲವರು ಅಂಜುತ್ತಾರೆ. ಕುವೆಂಪು ಅವರು 1949ರ ಶ್ರೀರಾಮಾಯಣ ದರ್ಶನಂನಲ್ಲಿ ಸೀತೆಯ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದರು. ರಾಮನೇನು ಸಣ್ಣವನಾಗಲಿಲ್ಲ. ಆದರೆ ಹೆಣ್ಣಿಗೆ ಗೌರವ ಕೊಡುತ್ತೇವೆಂದು ಹೊರಡುವ ಎಷ್ಟೋ ಬರಹಗಾರರು ಆಕೆಯ ಕೈಗೊಂದು ಖಡ್ಗ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಕೊಡ ಹೊತ್ತು ಸೊಂಟ ನೋಯುವುದು ಅವರ ಲೆಕ್ಕಕ್ಕೆ ಬರುವುದಿಲ್ಲ.

ಕಳೆದ ತಿಂಗಳು ರಾಯಬಾಗದ ಕಡೆಯ ಒಂದು ಸಂಘದಲ್ಲಿ, ಉಳಿತಾಯದ ಲೆಕ್ಕ ಮುಗಿದ ಮೇಲೆ, ರೇಣುಕೆಯ ಕತೆಯನ್ನು ನೀವೇ ಹೇಳಿರಿ ಎಂದೆ. "ತಡಾ ಮಾಡಿದ್ಲಂತ ಕಡದೇ ಬಿಡೂದೇನ್ರಿ ಬಾಯಾರ? ಪಾಳೆ ಹಚ್ಚಿದ್ಲೋ ಏನೋ!" ಎಂದು ಒಬ್ಬಾಕೆ ಎಲ್ಲರನ್ನೂ ನಗಿಸಿದಳು. ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಬಂದ ಇನ್ನೊಬ್ಬಾಕೆ ನಗಲಿಲ್ಲ. ಆಕೆ ಹೇಳಿದ ಕತೆಯಲ್ಲಿ ರೇಣುಕೆಗೆ ಎಲ್ಲವೂ ನೆನಪಿತ್ತು. ತಲೆ ಕೂಡಿದ ಮೇಲೆ ಆಶ್ರಮಕ್ಕೆ ಹೋಗದೆ, ಆ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೊಳೆಯ ದಂಡೆಗೆ ಗುಡಿಸಲು ಹಾಕಿದಳು.

"ಹೊಟ್ಟಿಗೇನ ಮಾಡಿದ್ಲ?" ಎಂದಳು ಪಕ್ಕದವಳು.

"ಯಾಕ, ಸಂಘದಾಗ ಸಾಲಾ ಕೊಡಂಗಿಲ್ಲೇನ?"