ಕುದುರೆ ದಂಡಿನ ಇತಿಹಾಸಕಾರ ನಮ್ಮ ಸೀಮೆಯಲ್ಲೇ ಹುಟ್ಟಲಿ

ರಾಯಬಾಗ ಸೀಮೆಯ ಹಾರೂಗೇರಿಯವರಿಗೆ ಮಿರಜ ಅಂದರೆ ದವಾಖಾನೆ. ದೊಡ್ಡ ಬೇನೆ ಏನೇ ಬರಲಿ, ಕುಡಚಿ ದಾಟಿ ಅಲ್ಲಿಗೇ ಓಡುತ್ತೇವೆ. ಅದೇ ಊರಿನ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಒಬ್ಬ ಮಾಸ್ತರರು, ನಮ್ಮ ಹೊಲಗಳನ್ನು ತುಳಿದುಹೋದ ಕುದುರೆ ದಂಡುಗಳ ಕಾಗದಪತ್ರಗಳಿಗಾಗಿ ತಮ್ಮ ಆಯುಷ್ಯವನ್ನೇ ಸವೆಸಿದರು. ಅವರ ಹೆಸರು ವಾಸುದೇವಶಾಸ್ತ್ರಿ ಖರೆ. ಕೊಂಕಣದ ಗುಹಾಗರದಲ್ಲಿ 1858ರಲ್ಲಿ ಹುಟ್ಟಿ 1924ರಲ್ಲಿ ಮಿರಜದಲ್ಲೇ ತೀರಿಕೊಂಡವರು. ಇತಿಹಾಸದ ಪಾಠ ಹೇಳಿಯೇ ನಿವೃತ್ತನಾದ ನನಗೆ, ಈ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ಕಾಣದಿರುವುದು ದೊಡ್ಡ ಕೊರತೆಯಾಗಿ ತೋರುತ್ತದೆ.

ಖರೆಯವರ ಕೈಗೆ ಸಿಕ್ಕಿದ್ದು ಪೇಶ್ವೆಯವರ ಸರದಾರರಾಗಿದ್ದ ಪಟವರ್ಧನ ಮನೆತನದ ದಫ್ತರ. 1897ರಿಂದ ಆ ಪತ್ರಗಳನ್ನು ‘ಐತಿಹಾಸಿಕ ಲೇಖ ಸಂಗ್ರಹ’ ಎಂದು ಅಚ್ಚು ಹಾಕತೊಡಗಿದರು. ಅವರು ಬದುಕಿರುವಾಗಲೇ 12 ಸಂಪುಟಗಳು ಬಂದವು. ಅವರೇನೂ ಕುದುರೆ ಸೈನ್ಯದ ವಿಷಯವೊಂದನ್ನೇ ಹಿಡಿದು ಕೂತವರಲ್ಲ. ಆದರೆ ಪಟವರ್ಧನರ ಸರಂಜಾಮು, ಅಂದರೆ ಜಹಗೀರು, ಇದ್ದದ್ದೇ ಪೇಶ್ವೆಯವರಿಗಾಗಿ ಸವಾರರನ್ನು ಸಾಕಲು. ಹಾಗಾಗಿ ಸ್ವಂತ ಕುದುರೆ ತಂದ ಶಿಲೇದಾರ, ಸರಕಾರಿ ಕುದುರೆ ಏರಿದ ಬಾರಗೀರ, ಪಾಗೆ (ಲಾಯ), ಚಂದಿ (ಕುದುರೆಯ ಕಾಳು), ಮೇವು, ಬಾಕಿ ಪಗಾರ ಎಲ್ಲವೂ ಆ ಕಾಗದಗಳ ಲೋಕಕ್ಕೇ ಸೇರಿದವು.

ಆ ಕಾಗದಗಳ ಕಾಲದ ನಮ್ಮ ಭಾಗದ ಅಂತಃಕಲಹ ಸಣ್ಣದಲ್ಲ. 1795ರಲ್ಲಿ ಸವಾಯಿ ಮಾಧವರಾವ್ ಪೇಶ್ವೆ ತೀರಿಕೊಂಡ ಮೇಲೆ ಮರಾಠಾ ಸರದಾರರು ತಮ್ಮತಮ್ಮಲ್ಲೇ ಬಡಿದಾಡಿಕೊಂಡರು. 1799ರ ಸೆಪ್ಟೆಂಬರಿನಲ್ಲಿ ಪಟ್ಟಣಕುಡಿಯಲ್ಲಿ ಕೊಲ್ಲಾಪುರದ ದಂಡಿನೆದುರು ಪರಶುರಾಮಭಾವೂ ಪಟವರ್ಧನ ಬಿದ್ದರು. ಟಿಪ್ಪುವಿನ ಮೇಲೆ ಶ್ರೀರಂಗಪಟ್ಟಣದವರೆಗೂ ದಂಡೆತ್ತಿ ಹೋಗಿದ್ದ ಸರದಾರ ಸತ್ತದ್ದು ಮರಾಠರ ಕೈಯಿಂದಲೇ, ಅದೂ ಚಿಕ್ಕೋಡಿಯ ಸೀಮೆಯಲ್ಲಿ. ಆಮೇಲೆ ಚಿಕ್ಕೋಡಿ, ಮುನವಳ್ಳಿಗಳಿಗಾಗಿ ಕೊಲ್ಲಾಪುರಕ್ಕೂ ನಿಪ್ಪಾಣಿಯ ಅಪ್ಪಾ ದೇಸಾಯಿಗೂ ನಡೆದ ಜಗಳ, 1812ರಲ್ಲಿ ಇಂಗ್ಲಿಷರು ನಡುವೆ ಬಂದು ಕರಾರು ಮಾಡಿಸುವವರೆಗೂ ಮುಗಿಯಲಿಲ್ಲ. ಆ ವರ್ಷಗಳಲ್ಲಿ ಕುದುರೆ ಮೇಯ್ದ ಜೋಳ ಯಾರದು? ನಮ್ಮ ಮುತ್ತಜ್ಜಂದಿರದೇ.

ಇದರ ನಡುವೆಯೇ, ಇಂಗ್ಲಿಷರ ವಿರುದ್ಧ ದಂಡು ಕಟ್ಟಿದ್ದ ಧೋಂಡಿಯಾ ವಾಘನ ಬೇಟೆ. ಇಂಗ್ಲಿಷ್ ಸೇನಾಪತಿ ವೆಲ್ಲೆಸ್ಲಿ 1800ರ ಜುಲೈನಲ್ಲಿ ಮುನವಳ್ಳಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಅವನ ಬೀಡು ಮುರಿದ. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ಧೋಂಡಿಯಾ ಅಲ್ಲೇ ಸತ್ತ. ಮುಂದೆ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿ ಕುದುರೆ ದಂಡು ನಡೆಸಲು ಕಲಿತದ್ದು ನಮ್ಮ ಎರಿ ಹೊಲಗಳಲ್ಲಿ. ಆತನ ಪತ್ರಗಳು ಇಂಗ್ಲಿಷಿನಲ್ಲಿ ಅಚ್ಚಾಗಿವೆ, ಪಟವರ್ಧನರವು ಮರಾಠಿಯಲ್ಲಿ. ಎರಡನ್ನೂ ಎದುರುಬದುರು ಇಟ್ಟುಕೊಂಡು, ಊರೂರಿನ ನೆನಪನ್ನೂ ಕೇಳಿ, ಕನ್ನಡದಲ್ಲಿ ಒಂದು ದೊಡ್ಡ ಗ್ರಂಥ ಬರೆಯುವವರು ಬೇಕಾಗಿದ್ದಾರೆ. ಅಮೆರಿಕದವರು ತಮ್ಮ 1861–65ರ ಅಂತರ್ಯುದ್ಧದ ಕುದುರೆ ಕಾಳಗಗಳನ್ನು ಹಾಗೆ ಬಿಡಲಿಲ್ಲ. ಸ್ಟೀಫನ್ ಸ್ಟಾರ್ ಉತ್ತರದವರ ಅಶ್ವದಳದ ಮೇಲೆಯೇ ಮೂರು ಸಂಪುಟ ಬರೆದ.

ಇಂಥ ಇತಿಹಾಸದ ಮಾತು ತೆಗೆದಾಗ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ: “ಸರ್, ಇದನ್ನ ಕಲ್ತ್ರ ನೌಕರಿ ಸಿಗತೈತೇನ್ರಿ?” ನ್ಯಾಯವಾದ ಪ್ರಶ್ನೆ. ಖರೆಯವರ ಹೊಟ್ಟೆ ತುಂಬಿಸಿದ್ದೂ ಮಾಸ್ತರಿಕೆಯೇ ಎಂದೆ. ಆದರೆ ಇನ್ನೊಂದು ಮಾತನ್ನೂ ಹೇಳಿದೆ. ಈ ಕೆಲಸದ ಮೊದಲ ಮೆಟ್ಟಿಲು, ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ. ಮೋಡಿ ಬರೆಯುವವನು ಮೊದಲು ಹಾಳೆಯ ಉದ್ದಕ್ಕೂ ಗೆರೆ ಎಳೆದು, ಅದರ ಕೆಳಗೆ ಲೇಖನಿ ಎತ್ತದೆ ಅಕ್ಷರ ಪೋಣಿಸುತ್ತ ಹೋಗುತ್ತಾನೆ. ಪದ ಎಲ್ಲಿ ಮುಗಿಯಿತು ಎಂಬುದು ರೂಢಿಯಿಲ್ಲದ ಕಣ್ಣಿಗೆ ಕಾಣುವುದಿಲ್ಲ. ರಾಯಬಾಗ 1949ರವರೆಗೂ ಕೊಲ್ಲಾಪುರ ಸಂಸ್ಥಾನದಲ್ಲಿತ್ತು, ಹೀಗಾಗಿ ಇಲ್ಲಿನ ಹಳೆಯ ಇನಾಮು, ವತನ, ಜಮೀನಿನ ಕಾಗದಗಳೂ ಮೋಡಿಯಲ್ಲಿವೆ. ಅವನ್ನು ಓದಿಸಲು ಜನ ಕೊಲ್ಲಾಪುರಕ್ಕೆ ಹೋಗಿ ದುಡ್ಡು ಕೊಟ್ಟು ಬರುತ್ತಾರೆ. ಮೋಡಿ ಬಲ್ಲವನಿಗೆ ಕೆಲಸ ಇದೆ, ಓದಬಲ್ಲವರೇ ಕಡಿಮೆ.

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು: ನಮ್ಮ ಹುಡುಗ ಹುಡುಗಿಯರಿಗೆ ಈ ಮೂರೂ ಬರುತ್ತವೆ. ಬೆಂಗಳೂರಿನ ಸಂಶೋಧಕನಿಗೆ ಈ ಅನುಕೂಲ ಸುಲಭಕ್ಕೆ ಸಿಗದು. ಗಡಿ ವಾದದ ಬಿಸಿಯಲ್ಲಿ ಮರಾಠಿ ಕಾಗದವನ್ನು ಪರರದ್ದೆಂದು ದೂರ ಇಟ್ಟರೆ ನಷ್ಟ ಕನ್ನಡಕ್ಕೇ.

ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಮೋಡಿಯ ಪ್ರಮಾಣಪತ್ರ ತರಗತಿಯನ್ನು ರಾಯಬಾಗ, ಅಥಣಿ, ಚಿಕ್ಕೋಡಿ, ನಿಪ್ಪಾಣಿಯ ಕಾಲೇಜುಗಳಿಗೆ ತರಲಿ. ಭಾನುವಾರಕ್ಕೊಮ್ಮೆ ನಡೆದರೂ ಸಾಕು. ಅಟ್ಟದ ಮೇಲೆ ಮೋಡಿ ಕಾಗದದ ಗಂಟು ಇಟ್ಟುಕೊಂಡ ಮನೆಯವರಲ್ಲಿ ನನ್ನ ವಿನಂತಿ: ಅದನ್ನು ರದ್ದಿಗೆ ಹಾಕಬೇಡಿರಿ, ಗೆದ್ದಲು ಹತ್ತದಂತೆ ಒಣ ಜಾಗದಲ್ಲಿಟ್ಟು, ಓದಬಲ್ಲವರಿಗೆ ಒಮ್ಮೆ ಫೋಟೊ ತೆಗೆದುಕೊಳ್ಳಲು ಬಿಡಿರಿ.